1098ಕ್ಕೆ ಕರೆ ಮಾಡಿದ ಮೇಲೆ ಏನಾಗುತ್ತದೆ? ಮಕ್ಕಳು, ಹಿರಿಯರ ರಕ್ಷಣೆಗೆ ಇಷ್ಟೊಂದು ಕಚೇರಿಗಳು ಯಾಕೆ ಬೇಕು

ಅಕ್ಷಯ ತೃತೀಯ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಕಾಣಿಸುತ್ತದೆ: ಬಾಲ್ಯವಿವಾಹ ಕಂಡರೆ 1098ಕ್ಕೆ ಕರೆ ಮಾಡಿ. ನಂಬರ್ ಎಷ್ಟೋ ಜನರಿಗೆ ಬಾಯಿಪಾಠ ಆಗಿದೆ. ಆದರೆ ಆ ಕರೆ ಎಲ್ಲಿಗೆ ಹೋಗುತ್ತದೆ, ಮನೆಗೆ ಯಾರು ಬರುತ್ತಾರೆ, ಹುಡುಗಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಕರೆ ಮಾಡಿದವರ ಹೆಸರು ಊರಿಗೆಲ್ಲ ಗೊತ್ತಾಗುತ್ತಾ? ಇದು ಯಾವುದೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ಕೈ ಹಾಕಲು ಯಾರಿಗಾದರೂ ಅಂಜಿಕೆ ಇರುತ್ತದೆ. ಹಾಗಾಗಿ ಕಂಡವರು ಸುಮ್ಮನಾಗುತ್ತಾರೆ.

ವಯಸ್ಸಾದವರ ವಿಷಯದಲ್ಲೂ ಇದೇ ಕಥೆ. 2025ರ ಮಾರ್ಚ್‌ನಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳು ತಂದೆ ತಾಯಿಯನ್ನು ಬಿಟ್ಟು ಹೋಗುತ್ತಿರುವ ಸುದ್ದಿ ಬಂತು. ಅಂಥ ಮಕ್ಕಳ ಹೆಸರಿಗೆ ಬರೆದ ಆಸ್ತಿ ಪತ್ರವನ್ನು ರದ್ದು ಮಾಡಿಸುವ ಮಾತು ಸರ್ಕಾರದಿಂದ ಬಂತು. ಆಗ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: ಹಾಗೆ ಮಾಡಲು ಬರುತ್ತಾ? ಮಾಡುವವರು ಯಾರು, ಪೊಲೀಸರಾ, ಕೋರ್ಟಾ, ತಹಶೀಲ್ದಾರರಾ?

ಈ ಲೇಖನ ಅದರ ಬಗ್ಗೆ. ನಮ್ಮ ರಾಜ್ಯದಲ್ಲಿ ಈ ಕೆಲಸ ಯಾರ್ಯಾರ ನಡುವೆ ಹಂಚಿಹೋಗಿದೆ, ಒಬ್ಬರಿಂದ ಇನ್ನೊಬ್ಬರಿಗೆ ಅದು ಹೇಗೆ ದಾಟುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಒಂದೊಂದಾಗಿ ನೋಡೋಣ.

ಪೊಲೀಸರಿಗೆ ಹೇಳಿದರೆ ಸಾಲದಾ?

ಮೊದಲು ಏಳುವ ಪ್ರಶ್ನೆ ಇದೇ. ಪೊಲೀಸ್ ಠಾಣೆ ಇದೆ, ಕಾನೂನು ಇದೆ, ಇಷ್ಟೊಂದು ಸಮಿತಿ, ಘಟಕ, ಅಧಿಕಾರಿಗಳು ಯಾಕೆ?

ಹಿಂಸೆಗೆ ಸಿಕ್ಕ ಮಗುವಿನ ಬಗ್ಗೆ ಪೂರ್ತಿ ವಿಷಯ ಯಾರೊಬ್ಬರಿಗೂ ಗೊತ್ತಿರುವುದಿಲ್ಲ. ಎರಡು ವಾರದಿಂದ ಶಾಲೆಗೆ ಬಂದಿಲ್ಲ ಅನ್ನುವುದು ಮೇಷ್ಟ್ರಿಗೆ ಗೊತ್ತು. ಮನೆಯಲ್ಲಿ ಅಪ್ಪ ಕುಡಿದು ಗಲಾಟೆ ಮಾಡುತ್ತಾನೆ ಅನ್ನುವುದು ಆಶಾ ಕಾರ್ಯಕರ್ತೆಗೆ ಗೊತ್ತು. ಕೈ ಮೇಲಿನ ಬರೆ ಕಂಡದ್ದು ಆರೋಗ್ಯ ಕೇಂದ್ರದ ಡಾಕ್ಟರಿಗೆ. ಅಪ್ಪನ ಮೇಲೆ ಹಳೆಯ ದೂರು ಇದೆ ಅನ್ನುವುದು ಠಾಣೆಯ ಪುಸ್ತಕದಲ್ಲಿ ಇದೆ. ಬಿಡಿಬಿಡಿಯಾಗಿ ನೋಡಿದರೆ ಇವು ಸಣ್ಣ ಸಂಗತಿಗಳು, ಯಾರೂ ಅವಸರ ಮಾಡುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಆ ಮಗು ಇವತ್ತು ರಾತ್ರಿ ಆ ಮನೆಯಲ್ಲಿ ಇರಬಾರದು ಅಂತ ಗೊತ್ತಾಗುತ್ತದೆ.

ಮದುವೆ ಮನೆಯಲ್ಲಿ ನೋಡಿರುತ್ತೀರಿ. ಓಡಾಡುವವರು ಐವತ್ತು ಜನ, ಎಲ್ಲರೂ ಜವಾಬ್ದಾರಿ ಹೊತ್ತವರೇ. ಆದರೂ ದೂರದಿಂದ ಬಂದ ಯಾರೋ ಅಜ್ಜಿ ಊಟ ಮಾಡದೆ ಬಸ್ ಹತ್ತಿರುತ್ತಾರೆ. ಯಾಕೆಂದರೆ "ಅವರು ಕರೆದಿರ್ತಾರೆ" ಅಂತ ಎಲ್ಲರೂ ಅಂದುಕೊಂಡಿದ್ದರು. ರಕ್ಷಣೆಯ ಕೆಲಸ ಕೆಡುವುದೂ ಬಹುಪಾಲು ಹೀಗೆಯೇ. ಅದಕ್ಕಾಗಿಯೇ ಕಾನೂನು ಯಾರು, ಯಾರಿಗೆ, ಎಷ್ಟು ಗಂಟೆಯೊಳಗೆ ಹೇಳಬೇಕು ಅಂತ ಬರೆದಿಟ್ಟಿದೆ.

ಇನ್ನೊಂದು ಕಾರಣವೂ ಇದೆ. ತಪ್ಪು ಮಾಡಿದವರನ್ನು ಹಿಡಿಯುವುದು ಪೊಲೀಸರ ಕೆಲಸ. ಆದರೆ ಅಪ್ಪನನ್ನು ಹಿಡಿದುಕೊಂಡು ಹೋದ ಮೇಲೆ ಆ ಮಗು ಎಲ್ಲಿ ಮಲಗಬೇಕು, ಯಾವ ಶಾಲೆಗೆ ಹೋಗಬೇಕು, ಮನೆಯ ಖರ್ಚು ಯಾರು ನೋಡಬೇಕು? ಇವು ಪೊಲೀಸರು ಉತ್ತರ ಕೊಡಬಲ್ಲ ಪ್ರಶ್ನೆಗಳಲ್ಲ.

ಯಾರು ಏನು ಮಾಡುತ್ತಾರೆ

ಮಕ್ಕಳಿಂದ ಶುರು ಮಾಡೋಣ. ಇಲ್ಲಿ ಮಗು ಅಂದರೆ 18 ತುಂಬದ ಯಾರೇ ಆಗಲಿ, ಮೀಸೆ ಬಂದ ಹುಡುಗನೂ ಮಗುವೇ.

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ. ಇದು 1996ರಲ್ಲಿ ಮುಂಬೈಯಲ್ಲಿ ಬೀದಿ ಮಕ್ಕಳಿಗಾಗಿ ಶುರುವಾದದ್ದು. ಬಹಳ ವರ್ಷ ಸ್ವಯಂಸೇವಾ ಸಂಸ್ಥೆಗಳು ಸೇರಿ ನಡೆಸುತ್ತಿದ್ದವು. 2023ರಿಂದ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯಡಿ ಸರ್ಕಾರವೇ ವಹಿಸಿಕೊಂಡಿತು, 112 ತುರ್ತು ಸೇವೆಯ ಜೊತೆ ಜೋಡಿಸಿತು. ಅಂದರೆ ಮಗುವಿನ ಜೀವಕ್ಕೆ ಈಗಲೇ ಅಪಾಯ ಇದೆ ಅನ್ನಿಸಿದರೆ ಕರೆ ಪೊಲೀಸರ ಕಡೆ ತಿರುಗುತ್ತದೆ. ಉಳಿದದ್ದನ್ನು ಜಿಲ್ಲೆಯ ಸಿಬ್ಬಂದಿ ನೋಡಿಕೊಳ್ಳುತ್ತಾರೆ.

ಆ ಸಿಬ್ಬಂದಿ ಇರುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ಕಾನೂನು ನೋಡಿಕೊಳ್ಳುವವರು ಇಲ್ಲಿರುತ್ತಾರೆ. ಮನೆ ಮನೆಗೆ ಹೋಗಿ ವಿಚಾರಿಸಿ ವರದಿ ಬರೆಯುವವರು ಇವರು.

ಎಲ್ಲಕ್ಕಿಂತ ಮುಖ್ಯ, ಆದರೆ ಜನರಿಗೆ ತೀರಾ ಕಡಿಮೆ ಗೊತ್ತಿರುವುದು ಮಕ್ಕಳ ಕಲ್ಯಾಣ ಸಮಿತಿ. ಹೆಸರು ಕೇಳಿದರೆ ಯಾವುದೋ ಸಂಘ ಇರಬೇಕು ಅನ್ನಿಸುತ್ತದೆ. ಹಾಗಲ್ಲ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಈ ಸಮಿತಿಗೆ 2015ರ ಬಾಲನ್ಯಾಯ ಕಾಯ್ದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಪ್ರತಿ ಜಿಲ್ಲೆಯಲ್ಲೂ ಇದೆ. ಮಗು ಎಲ್ಲಿರಬೇಕು, ಯಾರ ಜೊತೆ ಇರಬೇಕು ಅಂತ ಆದೇಶ ಮಾಡುವುದು ಇದೇ. ಶಿಕ್ಷೆ ಕೊಡುವುದು ಇದರ ಕೆಲಸವಲ್ಲ. ಬಾಲ ನ್ಯಾಯ ಮಂಡಳಿ ಅನ್ನುವುದು ಬೇರೆ, ಅದು ಅಪರಾಧದ ಆರೋಪ ಇರುವ ಮಕ್ಕಳಿಗೆ. ಎರಡನ್ನೂ ಕಲಸಿಕೊಳ್ಳಬೇಡಿ.

ಠಾಣೆಯಲ್ಲೂ ಬೇರೆಯೇ ಒಬ್ಬರು ಇರುತ್ತಾರೆ. ಪ್ರತಿ ಠಾಣೆಯಲ್ಲಿ ಎಎಸ್ಐ ಅಥವಾ ಅದಕ್ಕಿಂತ ಮೇಲಿನ ಒಬ್ಬರನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ನೇಮಿಸಿರಬೇಕು. ಠಾಣೆಗೆ ಹೋದಾಗ ಅವರನ್ನೇ ಕೇಳಿ, ಅದು ನಿಮ್ಮ ಹಕ್ಕು. ಜಿಲ್ಲಾ ಮಟ್ಟದಲ್ಲಿ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಕೆಳಗೆ ಮಕ್ಕಳಿಗಾಗಿಯೇ ವಿಶೇಷ ಘಟಕ ಇರುತ್ತದೆ, ಅದರಲ್ಲಿ ಪೊಲೀಸರಲ್ಲದ ಇಬ್ಬರು ಸಮಾಜ ಕಾರ್ಯಕರ್ತರೂ ಇರಬೇಕು.

ಇವರ ಜೊತೆ ತಾಲ್ಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಊರಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಮೊದಲು ಸುಳಿವು ಸಿಗುವುದು ಬಹುಪಾಲು ಈ ಕೊನೆಯ ಇಬ್ಬರಿಗೆ. ಸಂಬಳ ಅತಿ ಕಡಿಮೆ ಇರುವವರೂ ಅವರೇ, ಅದೇ ಊರಲ್ಲಿ ಅದೇ ಜನರ ನಡುವೆ ಬದುಕಬೇಕಾದವರೂ ಅವರೇ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸರಿಯಾಗಿ ಅರ್ಥವಾಗುತ್ತದೆ.

ಒಂದು ಮದುವೆ ನಿಲ್ಲಿಸುವಾಗ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹತ್ತನೇ ತರಗತಿ ಮುಗಿಸಿದ 16 ವರ್ಷದ ಹುಡುಗಿ. ಸೋದರಮಾವನಿಗೇ ಕೊಡುವ ಮಾತಾಗಿದೆ. ಮುಂದಿನ ಭಾನುವಾರ ಮದುವೆ. ಗೆಳತಿಯೊಬ್ಬಳು 1098ಕ್ಕೆ ಕರೆ ಮಾಡುತ್ತಾಳೆ. ಹೆಸರು ಹೇಳಲೇಬೇಕು ಅಂತಿಲ್ಲ, ಹೇಳಿದರೂ ಅದನ್ನು ಗುಟ್ಟಾಗಿ ಇಡುತ್ತಾರೆ.

ಸಹಾಯವಾಣಿಯವರು ಸಿಡಿಪಿಒಗೆ, ಠಾಣೆಗೆ, ಪಂಚಾಯಿತಿಗೆ ತಿಳಿಸುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಹಲವು ಇಲಾಖೆಗಳ ಅಧಿಕಾರಿಗಳಿಗೆ ನಿಷೇಧಾಧಿಕಾರಿಯ ಹೊಣೆ ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಮೂವರು ಸೇರಿ ಮನೆಗೆ ಹೋಗುತ್ತಾರೆ.

ಮನೆಯವರು ಆಧಾರ್ ಕಾರ್ಡ್ ತೋರಿಸುತ್ತಾರೆ. ಅದರಲ್ಲಿ 18 ತುಂಬಿದೆ. ಇಲ್ಲಿ ಎಷ್ಟೋ ಜನ ವಾಪಸ್ ಬಂದುಬಿಡುತ್ತಾರೆ. ಆದರೆ ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಸಿಗೆ ಮೊದಲ ದಾಖಲೆ ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್ಎಸ್ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆ ಕೊಟ್ಟ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲವೇ ಇಲ್ಲ. ಹಾಗಾಗಿ ಆ ಹೊತ್ತಿಗೆ ಶಾಲೆಯ ಮುಖ್ಯ ಶಿಕ್ಷಕರು ದಾಖಲಾತಿ ಪುಸ್ತಕದ ಒಂದು ಪುಟದ ಫೋಟೊ ತೆಗೆದು ಕಳಿಸುವುದು ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಕೆಲಸ ಆಗಿಬಿಡುತ್ತದೆ.

ವಯಸ್ಸು ಖಚಿತವಾದ ಮೇಲೆ ಮನೆಯವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ: 18 ತುಂಬುವವರೆಗೆ ಮದುವೆ ಮಾಡುವುದಿಲ್ಲ, ಸಹಿ, ಸಾಕ್ಷಿ. ಅಧಿಕಾರಿಗಳು ವಾಪಸ್ ಹೋಗುತ್ತಾರೆ. ಮಾರನೇ ದಿನ "ಬಾಲ್ಯವಿವಾಹ ತಡೆದ ಅಧಿಕಾರಿಗಳು" ಅಂತ ಪತ್ರಿಕೆಯಲ್ಲಿ ಬರುತ್ತದೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಮುಚ್ಚಳಿಕೆ ಬರೆದುಕೊಟ್ಟ ಕುಟುಂಬ ಹದಿನೈದು ದಿನ ಬಿಟ್ಟು ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ, ಇಲ್ಲವೇ ಗಡಿ ದಾಟಿ ಆಂಧ್ರ ಅಥವಾ ಮಹಾರಾಷ್ಟ್ರದ ಸಂಬಂಧಿಕರ ಮನೆಯಲ್ಲಿ ರಾತ್ರೋರಾತ್ರಿ ತಾಳಿ ಕಟ್ಟಿಸುವುದಕ್ಕೆ ಅಡ್ಡಿ ಏನೂ ಇಲ್ಲ. ಒಂದು ಕಾಗದ ಅದನ್ನು ತಡೆಯುವುದಿಲ್ಲ. ಅದಕ್ಕೆ ಕಾನೂನು ಇನ್ನೆರಡು ದಾರಿ ಕೊಟ್ಟಿದೆ.

ಒಂದು, ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ತಡೆಯಾಜ್ಞೆ ತರುವುದು. ಇನ್ನೊಂದು, ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದು. ಮದುವೆಯ ಅಪಾಯದಲ್ಲಿರುವ ಮಗು ಅಂದರೆ ಆರೈಕೆ ಮತ್ತು ರಕ್ಷಣೆ ಬೇಕಾದ ಮಗು ಅಂತಲೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ರಕ್ಷಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಸಮಿತಿಯ ಮುಂದೆ ತರಬೇಕು. ಸಮಿತಿ ಅವತ್ತು ಸೇರಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಆಗುತ್ತದೆ, ಸೋಮವಾರದವರೆಗೆ ಕಾಯಬೇಕಾಗಿಲ್ಲ.

ಸಮಿತಿಯವರು ಹುಡುಗಿಯನ್ನೇ ಕೇಳುತ್ತಾರೆ: ನಿನಗೇನು ಬೇಕು? ಘಟಕದ ಸಮಾಜ ಕಾರ್ಯಕರ್ತರು 15 ದಿನದೊಳಗೆ ಮನೆಯ ಪರಿಸ್ಥಿತಿ ನೋಡಿ ವರದಿ ಕೊಡಬೇಕು. ಆ ವರದಿಯಲ್ಲಿ ಬರುವ ಕಾರಣಗಳನ್ನು ನಿರ್ಲಕ್ಷ್ಯ ಮಾಡುವ ಹಾಗಿಲ್ಲ. ಅಪ್ಪ ತೀರಿಹೋಗಿರಬಹುದು. ತಾಯಿ ಬೆಳಿಗ್ಗೆ ಕೂಲಿಗೆ ಹೋದರೆ ಮಗಳು ಒಬ್ಬಳೇ ಮನೆಯಲ್ಲಿ ಇರಬೇಕು ಅನ್ನುವ ಭಯ ಇರಬಹುದು. ಕಾಲೇಜು 20 ಕಿಲೋಮೀಟರ್ ದೂರ, ಬಸ್ ಇಲ್ಲ ಅನ್ನುವುದೂ ಇರಬಹುದು. ಹಾಗಿದ್ದರೆ ಹಾಸ್ಟೆಲ್ ಸೀಟು ಕೊಡಿಸುವುದು, ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಹಾಗೆ ಮಾಡುವುದು, ತಾಯಿಗೆ ವಿಧವಾ ವೇತನ ಬರುತ್ತಿದೆಯಾ ನೋಡುವುದು, ಇದೆಲ್ಲ ರಕ್ಷಣೆಯ ಕೆಲಸವೇ. ಹುಡುಗಿಯನ್ನು ಬಾಲಮಂದಿರಕ್ಕೆ ಕಳಿಸುವುದು ಬೇರೆ ದಾರಿ ಇಲ್ಲದಿದ್ದಾಗ ಮಾತ್ರ, ಕಾನೂನೂ ಹಾಗೇ ಹೇಳುತ್ತದೆ.

ಸಮಿತಿ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಮಾಡಬೇಕು. ಅಷ್ಟರ ಮಧ್ಯೆ ಆಶಾ ಕಾರ್ಯಕರ್ತೆ ಆ ಮನೆ ಕಡೆ ಹೋಗಿ ಬರುತ್ತಾರಾ, ಹುಡುಗಿ ಕಾಲೇಜಿಗೆ ಬರುತ್ತಿದ್ದಾಳಾ ಅಂತ ಉಪನ್ಯಾಸಕರು ನೋಡುತ್ತಾರಾ, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಗೊತ್ತಾ? ನನ್ನ ಪ್ರಕಾರ ಮದುವೆ ನಿಂತಿತಾ ಇಲ್ಲವಾ ಅನ್ನುವುದು ಇದರ ಮೇಲೆಯೇ ನಿಂತಿದೆ.

ಒಂದು ವೇಳೆ ಮದುವೆ ಆಗೇ ಹೋದರೆ? ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆಗೆ ಮೊದಲಿಂದಲೂ ಮಾನ್ಯತೆ ಇಲ್ಲ. ಮಾಡಿಸಿದವರು, ಮಂತ್ರ ಹೇಳಿದವರು, ಮುಂದೆ ನಿಂತು ನಡೆಸಿದವರು ಎಲ್ಲರ ಮೇಲೂ ಕೇಸ್ ಆಗುತ್ತದೆ.

ಮಗು "ಹೀಗಾಯ್ತು" ಅಂತ ಹೇಳಿದಾಗ

ಲೈಂಗಿಕ ದೌರ್ಜನ್ಯದ ವಿಷಯ ಇನ್ನೂ ಸೂಕ್ಷ್ಮ. ಇದಕ್ಕೆ ಪೋಕ್ಸೊ ಕಾಯ್ದೆ ಇದೆ, 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಇದರಲ್ಲಿ ಹುಡುಗ ಹುಡುಗಿ ಅನ್ನುವ ಭೇದ ಇಲ್ಲ.

ಗೊತ್ತಾದವರು ಹೇಳಲೇಬೇಕು ಅನ್ನುವುದು ಈ ಕಾಯ್ದೆಯ ದೊಡ್ಡ ಅಂಶ. ಶಿಕ್ಷಕರು, ಡಾಕ್ಟರ್, ನೆಂಟರು, ಪಕ್ಕದ ಮನೆಯವರು ಯಾರೇ ಆಗಲಿ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ಹೇಳಿದವರ ಮೇಲೆ, ಆಮೇಲೆ ಅದು ಸಾಬೀತಾಗದೆ ಹೋದರೂ, ಕ್ರಮ ಇಲ್ಲ. ಹಾಗಾಗಿ "ನನಗೆ ಖಾತ್ರಿ ಇಲ್ಲ" ಅಂತ ಸುಮ್ಮನಿರಬೇಕಾಗಿಲ್ಲ. ಖಾತ್ರಿ ಮಾಡಿಕೊಳ್ಳುವುದು ತನಿಖೆ ಮಾಡುವವರ ಕೆಲಸ.

ಶಿಕ್ಷಕಿಯ ಹತ್ತಿರ ಮಗು ಹೇಳಿಕೊಂಡಿತು ಅಂದುಕೊಳ್ಳಿ. "ಮಿಸ್, ಯಾರಿಗೂ ಹೇಳಬೇಡಿ" ಅನ್ನುತ್ತದೆ. ಹೇಳಲ್ಲ ಅಂತ ಮಾತು ಕೊಡಬಾರದು. ಕೊಟ್ಟರೆ ನಾಳೆ ಆ ಮಾತು ಮುರಿಯಲೇಬೇಕಾಗುತ್ತದೆ, ಮಗು ಇನ್ನು ಯಾರನ್ನೂ ನಂಬುವುದಿಲ್ಲ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ, ನೀನು ಹೇಳಿದ್ದು ಒಳ್ಳೆಯದಾಯ್ತು, ನಿನ್ನದೇನೂ ತಪ್ಪಿಲ್ಲ" ಅನ್ನಬೇಕು. ಕೆದಕಿ ಕೆದಕಿ ಕೇಳಬಾರದು. ಮಗು ಆಡಿದ ಮಾತನ್ನು, ಅದು ಬಳಸಿದ ಶಬ್ದಗಳಲ್ಲೇ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಬೇಕು. ಆರೋಪ ಬಂದವರನ್ನು ಕರೆಸಿ ವಿಚಾರಿಸುವುದು, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವುದು ಬೇಡವೇ ಬೇಡ.

ಆಮೇಲೆ ಪೊಲೀಸರು. ಘಟನೆ ನಡೆದ ಜಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಕಳಿಸುವ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ಎಫ್ಐಆರ್ ಮಾಡಿ ಆಮೇಲೆ ವರ್ಗಾಯಿಸಬೇಕು. ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ. ಸಾಧ್ಯವಾದಷ್ಟು ಮಹಿಳಾ ಎಸ್ಐ, ಅದೂ ಸಮವಸ್ತ್ರ ಇಲ್ಲದೆ. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳಬಾರದು. 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಹೋಗಬೇಕು.

ಇಲ್ಲಿ ಸಮಿತಿ ಯಾಕೆ ಅನ್ನಿಸಬಹುದು. ಮಾಡಿದವನು ಮನೆಯವನೇ ಆಗಿದ್ದರೆ ಮಗುವನ್ನು ಅದೇ ಮನೆಗೆ ಕಳಿಸಬೇಕಾ ಬೇಡವಾ ಅಂತ ಮೂರು ದಿನದೊಳಗೆ ಸಮಿತಿ ತೀರ್ಮಾನ ಮಾಡಬೇಕು. ಅದರ ಜೊತೆಗೆ, ಮಗು ಮತ್ತು ಮನೆಯವರು ಒಪ್ಪಿದರೆ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬೇಕು. ಇವರು ಮೊದಲ ದಿನದಿಂದ ಕೋರ್ಟಿನ ತೀರ್ಪಿನವರೆಗೆ ಮಗುವಿನ ಜೊತೆ ಇರುವವರು. ಮುಂದಿನ ವಾರ ಏನಿದೆ, ಕೋರ್ಟ್ ಹೇಗಿರುತ್ತದೆ, ಆರೋಪಿಗೆ ಜಾಮೀನು ಸಿಕ್ಕಿತಾ ಅಂತ ಮಗುವಿಗೆ ಅರ್ಥವಾಗುವ ಹಾಗೆ ಹೇಳುವವರು. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನ್ನಿಸುವುದು ಇದೇ. ನಿಮಗೆ ಗೊತ್ತಿರುವ ಯಾರಿಗಾದರೂ ಹೀಗಾಗಿದ್ದರೆ, ಸಹಾಯಕ ವ್ಯಕ್ತಿ ಬೇಕು ಅಂತ ಸಮಿತಿಯನ್ನು ಕೇಳಲು ಹೇಳಿ.

ಆಸ್ಪತ್ರೆಯ ವಿಷಯ ಇನ್ನೂ ಅವಸರದ್ದು. ಎಫ್ಐಆರ್ ಆಗಿಲ್ಲ, ಪೊಲೀಸ್ ಪತ್ರ ತಂದಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಉಚಿತವಾಗಿ ಮೊದಲ ಚಿಕಿತ್ಸೆ ಕೊಡಲೇಬೇಕು. ಎಚ್ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಆಗ ಹಾಕಿಕೊಂಡಿದ್ದ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವದಿಂದ ಸಾಕ್ಷ್ಯ ಕೆಡುತ್ತದೆ, ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ.

ಇಷ್ಟೊಂದು ಕಚೇರಿ ಇರುವುದರಿಂದ ಮಗುವಿಗೆ ಒಂದು ಕಷ್ಟವೂ ಇದೆ. ಶಿಕ್ಷಕಿಗೆ ಒಮ್ಮೆ, ಪೊಲೀಸರಿಗೆ ಒಮ್ಮೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ, ಸಮಾಲೋಚಕರಿಗೆ, ಕೊನೆಗೆ ಕೋರ್ಟಿನಲ್ಲಿ, ಅದೇ ಕೆಟ್ಟ ಗಳಿಗೆಯನ್ನು ಮತ್ತೆ ಮತ್ತೆ ಹೇಳಬೇಕು. ದೊಡ್ಡವರಿಗೇ ಆಗದ ಕೆಲಸ ಅದು. ಒಬ್ಬರು ಬರೆದುಕೊಂಡದ್ದು ಇನ್ನೊಬ್ಬರಿಗೆ ಸರಿಯಾಗಿ ತಲುಪಿದರೆ ಮಗು ಹೇಳಬೇಕಾದ ಸಲ ಕಡಿಮೆಯಾಗುತ್ತದೆ. ಕೋರ್ಟ್ ಕೂಡ ಮಗುವನ್ನು ಪದೇ ಪದೇ ಕರೆಸಬಾರದು, ಆರೋಪಿಯ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು, 30 ದಿನದೊಳಗೆ ಸಾಕ್ಷ್ಯ ದಾಖಲಿಸಬೇಕು, ಸಾಧ್ಯವಾದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ.

ಗುಟ್ಟು ಅಂದರೆ ಯಾರಿಂದ ಗುಟ್ಟು?

ಇಲ್ಲಿ ಗೊಂದಲ ಜಾಸ್ತಿ. ಮಗುವಿನ ಹೆಸರು, ಫೋಟೊ, ಊರು, ಶಾಲೆ ಯಾವುದೂ ಹೊರಗೆ ಬರಬಾರದು ಅಂತ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆ ಎರಡೂ ಹೇಳುತ್ತವೆ. ಅದಕ್ಕೇ ಕೆಲವು ಶಾಲೆಗಳು, ಆಸ್ಪತ್ರೆಗಳು "ಇದು ಗೌಪ್ಯ" ಅಂತ ಸಮಿತಿಗೂ ಮಾಹಿತಿ ಕೊಡಲು ಹಿಂಜರಿಯುತ್ತವೆ. ಇನ್ನೊಂದು ಕಡೆ ಅದೇ ಸುದ್ದಿ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಗಿಯ ಫೋಟೊ ಸಮೇತ ಓಡಾಡುತ್ತಿರುತ್ತದೆ. ಎರಡೂ ತಪ್ಪು. ರಕ್ಷಣೆಯ ಹೊಣೆ ಇರುವವರಿಗೆ, ಅವರ ಕೆಲಸಕ್ಕೆ ಬೇಕಾದಷ್ಟನ್ನು ಹೇಳಲೇಬೇಕು. ಅದರಾಚೆ ಯಾರಿಗೂ ಒಂದು ಸಾಲೂ ಹೋಗಬಾರದು. ಸ್ಟಾಫ್ ರೂಮಿನಲ್ಲಿ ಎಲ್ಲ ಶಿಕ್ಷಕರಿಗೂ ಗೊತ್ತಾಗಬೇಕಾಗಿಲ್ಲ.

ಗರ್ಭಿಣಿಯಾದ ಅಪ್ರಾಪ್ತೆ ಆಸ್ಪತ್ರೆಗೆ ಬಂದಾಗ ಈ ಪ್ರಶ್ನೆ ತೀವ್ರವಾಗುತ್ತದೆ. ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಪೊಲೀಸ್ ಅಂದ ಕೂಡಲೇ ಹೆದರಿ ಮನೆಯವರು ಆಸ್ಪತ್ರೆಗೇ ಬರದಿದ್ದರೆ ಹುಡುಗಿಯ ಜೀವಕ್ಕೇ ಅಪಾಯ. 2022ರಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ ಡಾಕ್ಟರ್ ವರದಿಯಲ್ಲಿ ಅವಳ ಗುರುತು ಹೇಳಬೇಕಾಗಿಲ್ಲ ಅಂತ ಹೇಳಿತು.

ದೊಡ್ಡವರಾದರೆ ದಾರಿ ಬೇರೆ

ಮಗುವಿನ ಪರವಾಗಿ ಬೇರೆಯವರು ತೀರ್ಮಾನ ಮಾಡಬಹುದು. 70 ವರ್ಷದ, ಬುದ್ಧಿ ಚುರುಕಾಗಿರುವ ತಾಯಿಯ ಪರವಾಗಿ ಹಾಗೆ ಮಾಡಲು ಬರುವುದಿಲ್ಲ. "ಮಗ ಹೊಡೀತಾನೆ, ಆದರೂ ಅವನ ಮೇಲೆ ಕೇಸ್ ಬೇಡ" ಅಂದರೆ ಅವರನ್ನು ಎಳೆದುಕೊಂಡು ಹೋಗಲಾಗದು. ಹಾಗಾಗಿ ದೊಡ್ಡವರ ವಿಷಯದಲ್ಲಿ ಮೊದಲ ಪ್ರಶ್ನೆ: ಅವರಿಗೆ ಏನು ಬೇಕು? ಅವರು ತಾವೇ ಹೇಳುವ ಸ್ಥಿತಿಯಲ್ಲಿ ಇದ್ದಾರಾ, ಅಥವಾ ಯಾರಾದರೂ ಹೆದರಿಸಿ ಹೇಳಿಸುತ್ತಿದ್ದಾರಾ?

60 ದಾಟಿದವರಿಗೆ 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ತಂದೆ ತಾಯಿಯಾದರೆ 60 ಆಗಿರಲೇಬೇಕು ಅಂತಿಲ್ಲ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಜನ ಎಸಿ ಸಾಹೇಬರು ಅನ್ನುವವರಿಗೆ. ಅವರೇ ಇಲ್ಲಿ ನ್ಯಾಯಮಂಡಳಿ. ಮಕ್ಕಳು ಜೀವನಾಂಶ ಕೊಡಬೇಕು ಅಂತ ಆದೇಶ ಮಾಡಬಹುದು, ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ನೋಟಿಸ್ ಹೋದ 90 ದಿನದೊಳಗೆ ಮುಗಿಸಬೇಕು. ಹಾಸಿಗೆ ಹಿಡಿದವರ ಪರವಾಗಿ ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು, ಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು.

ಇನ್ನು ಆಸ್ತಿಯ ಪ್ರಶ್ನೆ. ಇದರಲ್ಲಿ ದಾನಪತ್ರ ಬೇರೆ, ವಿಲ್ ಬೇರೆ. ವಿಲ್ ಜಾರಿಗೆ ಬರುವುದು ಬರೆದವರು ತೀರಿಹೋದ ಮೇಲೆ, ಬದುಕಿರುವಾಗ ಯಾವಾಗ ಬೇಕಾದರೂ ಬದಲಾಯಿಸಬಹುದು, ಯಾರ ಅನುಮತಿಯೂ ಬೇಡ. ದಾನಪತ್ರ ನೋಂದಣಿ ಆದ ಕೂಡಲೇ ಆಸ್ತಿ ಮಗನದ್ದಾಗುತ್ತದೆ. ಅದನ್ನು ವಾಪಸ್ ಪಡೆಯಲು ಕಾಯ್ದೆಯ 23ನೇ ಸೆಕ್ಷನ್ ಇದೆ: ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಮಂಡಳಿ ಆ ದಾನವನ್ನು ರದ್ದು ಮಾಡಬಹುದು. ಆ ಷರತ್ತು ಇತ್ತು ಅನ್ನುವುದು ಕಾಣಬೇಕು, 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು ದಾನಪತ್ರದಲ್ಲಿ "ನನ್ನ ಜೀವನ ಪೂರ್ತಿ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು" ಅನ್ನುವ ಸಾಲು ಬರೆಸಿ. ಮಕ್ಕಳ ಮೇಲೆ ಎಷ್ಟೇ ನಂಬಿಕೆ ಇರಲಿ, ಬರೆಸಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳೂ ಇದನ್ನು ತಾವೇ ಮುಂದೆ ನಿಂತು ಬರೆಸಿದರೆ ಅಪ್ಪ ಅಮ್ಮನಿಗೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ.

ಹಿರಿಯರನ್ನು ಎಲ್ಲೋ ಬಿಟ್ಟು ಹೋದರೆ ಅದು ಅಪರಾಧ, ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಂಥ ಕಡೆ ಆಸ್ಪತ್ರೆ, ಠಾಣೆ, ಎಸಿ ಕಚೇರಿ, ವೃದ್ಧಾಶ್ರಮ ನಾಲ್ಕೂ ಮಾತಾಡಿಕೊಳ್ಳಬೇಕು. ಆಸ್ಪತ್ರೆ ಠಾಣೆಗೆ ತಿಳಿಸದಿದ್ದರೆ ಉಳಿದ ಯಾರಿಗೂ ಆ ಅಜ್ಜ ಅಲ್ಲಿ ಇದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಹಿರಿಯರ ಸಹಾಯವಾಣಿ 14567. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ 1090 ಕೂಡ ಇದೆ.

ಮನೆಯಲ್ಲೇ ಹಿಂಸೆ ಅನುಭವಿಸುವ ಹೆಣ್ಣುಮಕ್ಕಳಿಗೆ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನಮ್ಮಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಸಖಿ ಕೇಂದ್ರದಲ್ಲಿ ವೈದ್ಯಕೀಯ ನೆರವು, ಪೊಲೀಸ್, ಕಾನೂನು ಸಲಹೆ, ಐದು ದಿನದವರೆಗೆ ಉಳಿಯಲು ಜಾಗ ಒಂದೇ ಕಡೆ ಸಿಗುವ ಹಾಗೆ ಮಾಡಿದ್ದಾರೆ.

ಮಾನಸಿಕ ಕಾಯಿಲೆಯಿಂದ ಬಸ್ ನಿಲ್ದಾಣದಲ್ಲಿ ಅಲೆಯುವವರನ್ನು ಕಂಡರೆ ನಾವು ದೂರ ಸರಿದು ಹೋಗುತ್ತೇವೆ. ಅವರನ್ನೂ ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಕೂಡಿಹಾಕುವ ಹಾಗಿಲ್ಲ, ಮನೆಯವರನ್ನು ಹುಡುಕುವುದೂ ಅವರದೇ ಹೊಣೆ.

ಕರೆ ಮಾಡುವಾಗ, ಮಾಡಿದ ಮೇಲೆ

ಕರೆ ಮಾಡುವಾಗ ಕಂಡದ್ದನ್ನು ಕಂಡ ಹಾಗೆ ಹೇಳಿ. "ಅವರು ಕೆಟ್ಟವರು" ಅಂದರೆ ಪ್ರಯೋಜನ ಇಲ್ಲ. "ನಿನ್ನೆ ರಾತ್ರಿ ಒಂಬತ್ತಕ್ಕೆ ಮಗು ಕೂಗಿದ್ದು ಕೇಳಿಸಿತು, ಬೆಳಿಗ್ಗೆ ನೋಡಿದಾಗ ತುಟಿ ಒಡೆದಿತ್ತು" ಅಂದರೆ ಕೆಲಸಕ್ಕೆ ಬರುತ್ತದೆ. ಮನೆ ಗುರುತು ಸರಿಯಾಗಿ ಹೇಳಿ: ಯಾವ ಹೋಬಳಿ, ಯಾವ ದೇವಸ್ಥಾನದ ಹಿಂದೆ, ಮನೆ ಬಣ್ಣ ಏನು. ಮದುವೆಯಾದರೆ ದಿನಾಂಕ, ಛತ್ರದ ಹೆಸರು, ಹುಡುಗಿ ಓದಿದ ಶಾಲೆ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನೀವೇ ಹೋಗಿ ಮನೆಯವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಎಚ್ಚರವಾದರೆ ಅವರು ಮಗುವನ್ನು ಬೇರೆ ಊರಿಗೆ ಸಾಗಿಸುತ್ತಾರೆ.

ನಾಲ್ಕು ದಿನ ಆದರೂ ಯಾರೂ ಬರಲಿಲ್ಲ ಅಂದರೆ ಮತ್ತೆ ಕರೆ ಮಾಡಿ, ಹಳೆಯ ಸಂಖ್ಯೆ ಹೇಳಿ. ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಹಾಳೆಯಲ್ಲಿ ಬರೆದು ಕೊಡಬಹುದು. ಮಗುವೇ ಸಮಿತಿಯ ಮುಂದೆ ಬಂದು ನಿಂತರೂ ಅವರು ಕೇಳಬೇಕು, ಜೊತೆಗೆ ದೊಡ್ಡವರು ಇರಲೇಬೇಕು ಅಂತಿಲ್ಲ. ಮೇಲಿನ ಹಂತದಲ್ಲಿ ಜಿಲ್ಲಾಧಿಕಾರಿ ಇದ್ದಾರೆ. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಮಕ್ಕಳ ರಕ್ಷಣೆಯ ಕೆಲಸದ ಮೇಲ್ವಿಚಾರಣೆಯನ್ನು ಅವರಿಗೇ ಕೊಟ್ಟಿದೆ. ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ಕಚೇರಿಗಳು ಸರಿಯಾಗಿ ನಡೆದುಕೊಳ್ಳದಿದ್ದರೆ ಅದಕ್ಕೆ ದೂರು ಬರೆಯಬಹುದು. ಹಿರಿಯರ ವಿಷಯದಲ್ಲಿ ಎಸಿ ಆದೇಶ ಸರಿ ಬರಲಿಲ್ಲ ಅಂದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ, ನಂಬರ್ 15100. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯ ಎಷ್ಟು ಅಂತ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪ್ರತಿ ತಾಲ್ಲೂಕಿನ ಕೋರ್ಟ್ ಆವರಣದಲ್ಲೂ ಅವರ ಸಮಿತಿ ಇದೆ, ಒಳಗೆ ಹೋಗಿ ಬಾಯಲ್ಲಿ ಹೇಳಿದರೂ ಅರ್ಜಿ ಬರೆದುಕೊಳ್ಳುತ್ತಾರೆ.